ಇಲ್ಲ ಎಂದ ಮನೆಗಳು

ಲಾಲಪ್ಪ ಹದಿನಾಲ್ಕು ವರ್ಷಗಳಿಂದ ಜನರ ಮನೆಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುತ್ತ ಬಂದವನು. ಮೊದಲು ಯಾದಗಿರಿಯಲ್ಲಿ ಹತ್ತಿಯ ಬೀಜ ತೆಗೆಯುವ ಒಂದು ಜಿನ್ನಿನಲ್ಲಿ ಗುಮಾಸ್ತನಾಗಿದ್ದ. ಜಿನ್ನು ಮುಚ್ಚಿದ ಮೇಲೆ ಸರ್ವೆ ಕೆಲಸಕ್ಕೆ ಬಿದ್ದ. ಮನೆಯಲ್ಲಿ ಶೌಚಾಲಯ ಇದೆಯೇ, ಗ್ಯಾಸ್ ಸಿಲಿಂಡರ್ ಇದೆಯೇ, ಮಗುವಿಗೆ ಲಸಿಕೆ ಹಾಕಿಸಿದ್ದೀರಾ, ಓದುಬರಹ ಬಲ್ಲವರು ಎಷ್ಟು ಜನ. ಯಾರು ಕರೆದರೆ ಅವರ ಪರವಾಗಿ ಹೋಗಿ, ಏನು ಕೇಳು ಎಂದರೆ ಅದನ್ನು ಕೇಳಿ ಬರೆದುಕೊಂಡು ಬರುವುದು. ಆಗೆಲ್ಲ ಕಾಗದ, ಈಗ ಟ್ಯಾಬು. ವಯಸ್ಸು ಐವತ್ತೆರಡಾಗಿತ್ತು, ಬಲಮೊಣಕಾಲು ಮೆಟ್ಟಿಲು ಕಂಡರೆ ಹಿಡಿದುಕೊಳ್ಳುತ್ತಿತ್ತು. ಈ ಕೆಲಸದಲ್ಲಿ ಅವನಿಗೆ ಹೆಮ್ಮೆ ಅನ್ನಿಸುವ ಸಂಗತಿ ಒಂದೇ ಇತ್ತು. ಅವನು ತುಂಬಿದ ಫಾರ್ಮು ತಪ್ಪು ಎಂದು ಒಮ್ಮೆಯೂ ವಾಪಸು ಬಂದಿರಲಿಲ್ಲ.

ಆ ವರ್ಷ ನವೆಂಬರಿನಲ್ಲಿ ಬಂದ ಕೆಲಸ ರೇಡಿಯೊದ್ದು. ಸುರಪುರದ ಹೊರಗೆ ಮಹಿಳಾ ಸಂಘಗಳ ಒಕ್ಕೂಟವೊಂದು ‘ಹೊಳೆದಂಡೆ ಬಾನುಲಿ’ ಎಂಬ ಸಮುದಾಯ ರೇಡಿಯೊ ಕೇಂದ್ರ ನಡೆಸುತ್ತಿತ್ತು. ಸುತ್ತ ಹದಿನೈದು ಕಿಲೋಮೀಟರಿಗೆ ಅದರ ದನಿ ಮುಟ್ಟುತ್ತದೆ, ಆಚೆ ಇಲ್ಲ. ಇಷ್ಟು ವರ್ಷ ಖರ್ಚು ನೋಡಿಕೊಂಡಿದ್ದ ದಾನಿ ಸಂಸ್ಥೆ ಕೈಬಿಟ್ಟಿತ್ತು. ಇಂಥ ಕೇಂದ್ರಗಳಿಗೆ ಸರಕಾರ ಮೂರು ವರ್ಷ ಅನುದಾನ ಕೊಡುವುದೆಂದೂ, ಯಾರಿಗೆ ಎಷ್ಟು ಕೇಳುಗರಿದ್ದಾರೆ ಎಂಬುದನ್ನು ನೋಡಿ ಕೊಡುವುದೆಂದೂ ತೀರ್ಮಾನವಾಗಿತ್ತು. ಕೇಳುಗರನ್ನು ಎಣಿಸುವ ಗುತ್ತಿಗೆ ಬೆಂಗಳೂರಿನ ಒಂದು ಕಂಪನಿಗೆ ಸಿಕ್ಕಿತು. ಆ ಕಂಪನಿಯ ಪರವಾಗಿ ಕಲಬುರಗಿಯಲ್ಲಿ ಕೂತು ಕೆಲಸ ನೋಡಿಕೊಳ್ಳುತ್ತಿದ್ದ ಮಹೇಶಕುಮಾರ ಲಾಲಪ್ಪನಿಗೆ ಫೋನು ಮಾಡಿದ. ಎಂಟು ಊರು, ನೂರಾ ಅರವತ್ತು ಮನೆ. ಯಾವ ಮನೆ ಎಂಬುದನ್ನು ಕಂಪ್ಯೂಟರು ಆರಿಸಿತ್ತು.

ನಿಯಮಗಳನ್ನು ಮಹೇಶಕುಮಾರ ಒಂದು ದಿನದ ತರಬೇತಿಯಲ್ಲಿ ಹೇಳಿಕೊಟ್ಟಿದ್ದ. ಪ್ರಶ್ನೆಯನ್ನು ಬರೆದಂತೆಯೇ ಓದಬೇಕು, ಬಿಡಿಸಿ ಹೇಳಬಾರದು. ಉತ್ತರ ಮನೆಯ ಯಜಮಾನನಿಂದ ಪಡೆಯಬೇಕು, ಅವನಿಲ್ಲದಿದ್ದರೆ ಮಾತ್ರ ಬೇರೆಯವರಿಂದ. ಅವನ ಫೋನ್ ನಂಬರು ಬರೆದುಕೊಳ್ಳಬೇಕು. ಮನೆಯ ಮುಂದೆ ನಿಂತಾಗ ಮಾತ್ರ ಟ್ಯಾಬಿನಲ್ಲಿ ಫಾರ್ಮು ತೆರೆಯುತ್ತದೆ, ಐವತ್ತು ಮೀಟರು ಆಚೆ ಹೋದರೆ ಮುಚ್ಚಿಕೊಳ್ಳುತ್ತದೆ. ಕೆಲಸ ಮುಗಿಯುವ ತನಕ ರೇಡಿಯೊ ಕೇಂದ್ರದತ್ತ ಸುಳಿಯಬಾರದು.

ಲಾಲಪ್ಪ ಯಾದಗಿರಿಯಿಂದ ಬೆಳಗಿನ ಬಸ್ಸು ಹಿಡಿದು, ಶಹಾಪುರದಲ್ಲಿ ಬಸ್ಸು ಬದಲಿಸಿ ಸುರಪುರಕ್ಕೆ ಬರುತ್ತಿದ್ದ. ಅಲ್ಲಿಂದ ಟಂಟಂ ಗಾಡಿಯಲ್ಲಿ ಹಳ್ಳಿಗಳಿಗೆ. ಬಿಸಿಲೇರುವ ಹೊತ್ತಿಗೆ ಬಾಗಿಲು ಬಾಗಿಲಿಗೆ ನಿಂತು ಓದುತ್ತಿದ್ದ: ‘ಕಳೆದ ಏಳು ದಿನಗಳಲ್ಲಿ ಈ ಮನೆಯ ಸದಸ್ಯರಲ್ಲಿ ಯಾರಾದರೂ ಸಮುದಾಯ ಬಾನುಲಿಯನ್ನು ಆಲಿಸಿದ್ದಾರೆಯೇ?’ ಕಟ್ಟೆಯ ಮೇಲೆ ಕೂತ ಗಂಡಸರು ಅವನ ಮುಖ ನೋಡುತ್ತಿದ್ದರು, ಟ್ಯಾಬು ನೋಡುತ್ತಿದ್ದರು, ಆಮೇಲೆ ಇಲ್ಲ ಅನ್ನುತ್ತಿದ್ದರು. ಕೆಲವರು ಪ್ರಶ್ನೆ ಮುಗಿಯುವ ಮೊದಲೇ ಇಲ್ಲ ಅಂದರು. ನಾಲ್ಕು ಊರು ಮುಗಿದಾಗ ಎಂಬತ್ತು ಮನೆಯಲ್ಲಿ ಐದು ಮಾತ್ರ ಹೌದು ಅಂದಿದ್ದವು. ಲಾಲಪ್ಪನಿಗೆ ಅದರಿಂದ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಇಲ್ಲ ಅನ್ನುವ ಮನೆಯ ಫಾರ್ಮು ಬೇಗ ಮುಗಿಯುತ್ತದೆ, ಅಷ್ಟೆ.

ಎಂಟನೆಯ ದಿನ ದೇವಾಪುರದ ಕಡೆಯ ಒಂದು ಊರಿನಲ್ಲಿ ಬೆಳಗಿನ ಮನೆಗಳನ್ನು ಮುಗಿಸಿ ರಸ್ತೆಗೆ ಬಂದಾಗ ಟಂಟಂ ಆಗಷ್ಟೇ ಹೋಗಿತ್ತು. ಇನ್ನೊಂದು ಬರಲು ಒಂದು ಗಂಟೆ. ಹೊಲದ ಬದುವಿನ ಬೇವಿನ ಮರದ ಕೆಳಗೆ ಕೂತು ಮೊಣಕಾಲು ನೀಡಿಕೊಂಡ. ಬುತ್ತಿ ಬಿಚ್ಚಬೇಕು ಅನ್ನುವಾಗ ಹತ್ತಿಯ ಹೊಲದೊಳಗಿಂದ ಒಬ್ಬ ಹೆಂಗಸು ಮಾತಾಡುವುದು ಕೇಳಿಸಿತು. ವಿಧವಾ ಪಿಂಚಣಿಗೆ ಯಾವ ಯಾವ ಕಾಗದ ಬೇಕು, ಯಾವುದರ ಝೆರಾಕ್ಸ್ ಸಾಕು, ಯಾವುದರ ಅಸಲು ಒಯ್ಯಬೇಕು, ಗುಮಾಸ್ತ ನಾಳೆ ಬಾ ಅಂದರೆ ಏನು ಕೇಳಬೇಕು ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ನಿಂತು ನೋಡಿದ. ಹನ್ನೆರಡು ಹದಿಮೂರು ಹೆಂಗಸರು ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದರು. ಅವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾತು ಬರುತ್ತಿದ್ದುದು ನಡುವಿನವಳ ಉಡಿಯಲ್ಲಿದ್ದ ಕೀಪ್ಯಾಡ್ ಫೋನಿನಿಂದ. ಸಿಗ್ನಲ್ಲು ಹಿಡಿಯಲೆಂದು ಅದಕ್ಕೆ ಇಯರ್‌ಫೋನಿನ ವಯರು ಚುಚ್ಚಿ, ವಯರನ್ನು ಹೆಗಲ ಮೇಲೆ ಎಳೆದುಕೊಂಡಿದ್ದಳು.

ಲಾಲಪ್ಪ ಬದು ಇಳಿದು ಹತ್ತಿರ ಹೋದ. ಅದೇನು ಎಂದು ಕೇಳುವ ಮೊದಲೇ ಫೋನಿನವಳು ಅವನ ಕೈಯ ಟ್ಯಾಬು ಕಂಡು, ಬೆಳಗ್ಗೆ ತಮ್ಮ ಮನೆಗೆ ಬಂದಿದ್ದವರು ನೀವೇನಾ ಎಂದು ಕೇಳಿದಳು. ಅವಳ ಹೆಸರು ಗೊಲ್ಲಾಳಮ್ಮ, ಗಂಡ ಮಲ್ಕಪ್ಪ. ಲಾಲಪ್ಪನಿಗೆ ಮನೆ ನೆನಪಾಯಿತು. ನೀಲಿ ಬಾಗಿಲು, ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ ಮನುಷ್ಯ.

“ಏನಂದ್ರು ನಮ್ಮ ಮನ್ಯಾವ್ರು?”

“ನಿಮ್ಮ ಮನ್ಯಾಗ ಸಮುದಾಯ ಬಾನುಲಿ ಯಾರೂ ಕೇಳಂಗಿಲ್ಲ ಅಂದ್ರು.”

“ಸಮುದಾಯ ಬಾನುಲಿ ಅಂದ್ರ ಏನ್ರಿ?”

ಲಾಲಪ್ಪ ಅವಳ ಉಡಿಯತ್ತ ಕೈ ತೋರಿಸಿದ. “ಇದ ಅಲ್ಲೇನಬೇ.”

“ಇದು ಹಜರಾಬೀ ಅಕ್ಕನ ರೇಡ್ಯೊ,” ಅಂದಳು ಗೊಲ್ಲಾಳಮ್ಮ. ಉಳಿದ ಹೆಂಗಸರು ಹತ್ತಿ ಬಿಡಿಸುವುದನ್ನು ನಿಲ್ಲಿಸಿರಲಿಲ್ಲ. ಅವರಲ್ಲೊಬ್ಬಳು, ಪಿಂಚಣಿ ಮಾತು ತಪ್ಪಿಹೋಗುತ್ತದೆ, ಸ್ವಲ್ಪ ಸುಮ್ಮನಿರಿ ಎಂದಳು. ಲಾಲಪ್ಪ ಸುಮ್ಮನಾದ. ಪಿಂಚಣಿ ಮುಗಿದು ಸೊಂಟನೋವಿನ ಮಾತು ಬಂತು. ಅದೂ ಮುಗಿದ ಮೇಲೆ ಅವನು ಒಬ್ಬೊಬ್ಬರನ್ನೇ ಕೇಳಿದ. ಆ ಸಾಲಿನಲ್ಲಿದ್ದ ನಾಲ್ವರ ಮನೆಗಳು ಅವನ ಪಟ್ಟಿಯಲ್ಲಿದ್ದವು. ನಾಲ್ಕೂ ಮನೆಗಳು ಅವನ ಟ್ಯಾಬಿನಲ್ಲಿ ಇಲ್ಲ ಅಂದಿದ್ದವು.

ಮಹೇಶಕುಮಾರನಿಗೆ ಅಲ್ಲಿಂದಲೇ ಫೋನು ಮಾಡಿದ. ಕೇಳುವವರು ಹೊಲದಲ್ಲಿದ್ದಾರೆ, ನಾನು ಮನೆಯಲ್ಲಿ ಹುಡುಕುತ್ತಿದ್ದೇನೆ, ಇಲ್ಲೇ ಫಾರ್ಮು ತುಂಬಲು ಬರುತ್ತದೆಯೇ ಎಂದು ವಿಚಾರಿಸಿದ. ಮಹೇಶಕುಮಾರ ಒಳ್ಳೆಯ ಮಾತಿನಲ್ಲೇ ಇಲ್ಲ ಅಂದ. ಹೊಲದಲ್ಲಿ ತುಂಬಿದ್ದನ್ನು ಟ್ಯಾಬು ಒಪ್ಪುವುದಿಲ್ಲ, ಒಂದು ಕೇಂದ್ರಕ್ಕೆ ಹೀಗೆ ಮಾಡಿದರೆ ಉಳಿದ ಕೇಂದ್ರದವರು ಕೇಳುತ್ತಾರೆ, ನೀವು ಪಟ್ಟಿ ಹಿಡಿದು ಮುಗಿಸಿಬಿಡಿ ಎಂದ.

ಮುಗಿಸಿಬಿಡಬಹುದಿತ್ತು. ಆ ದಿನ ಬಸ್ಸಿನಲ್ಲಿ ಯಾದಗಿರಿಗೆ ಮರಳುವಾಗ ಲಾಲಪ್ಪ ಅದನ್ನೇ ಯೋಚಿಸಿದ. ರೇಡಿಯೊ ಇದ್ದರೇನು, ಹೋದರೇನು, ಅವನ ಊರಿಗೆ ಅದು ಕೇಳಿಸುವುದೂ ಇಲ್ಲ. ಆದರೆ ಎಂಬತ್ತಕ್ಕೂ ಮೀರಿ ಫಾರ್ಮು ಅವನ ಹೆಸರಿನಲ್ಲಿ ಕೂತಿದ್ದವು, ಅವುಗಳಲ್ಲಿ ಬಹಳಷ್ಟು ತಪ್ಪು ಎಂದು ಅವನಿಗೆ ಗೊತ್ತಾಗಿತ್ತು. ಅದನ್ನು ನುಂಗಿಕೊಳ್ಳಲು ಆಗಲಿಲ್ಲ. ಫಾರ್ಮು ಕಳಿಸುವ ಕೊನೆಯ ದಿನದವರೆಗೆ ತಿದ್ದಲು ಅವಕಾಶವಿತ್ತು. ಮರುದಿನ ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಂದು ಸುರಪುರದಲ್ಲಿ ಒಂದು ಸಣ್ಣ ಕೋಣೆ ಹಿಡಿದ.

ಹೆಂಗಸರು ಹೊಲಕ್ಕೆ ಹೊರಡುವ ಮೊದಲು, ಬೆಳಗಿನ ಐದೂವರೆ ಆರು ಗಂಟೆಗೆ ಅವನು ಬಾಗಿಲಿಗೆ ಹೋಗುತ್ತಿದ್ದ. ಆ ಹೊತ್ತಿಗೆ ಗಂಡಸರು ದನದ ಕಡೆ, ಕೆರೆ ಕಡೆ ಹೋಗಿರುತ್ತಿದ್ದರು, ಇಲ್ಲವೆ ಮುಸುಕು ಹಾಕಿ ಮಲಗಿರುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಕಡೆ ನಿಂತು, ಹಜರಾಬೀ ಅಕ್ಕನ ರೇಡಿಯೊ ಕೇಳುತ್ತೀರಾ ಎನ್ನುತ್ತಿದ್ದ. ಉತ್ತರ ಕೊಟ್ಟವರು ಎಂಬಲ್ಲಿ ‘ಇತರರು’ ಎಂದು ಒತ್ತುತ್ತಿದ್ದ. ಹೌದು ಅಂದವರನ್ನು ಯಾವ ಹೊತ್ತಿಗೆ, ಎಲ್ಲಿ, ಯಾವ ಮಾತು ಎಂದೂ ಕೇಳಿ ಜೇಬಿನ ಸಣ್ಣ ನೋಟುಬುಕ್ಕಿನಲ್ಲಿ ಗುರುತು ಮಾಡಿಕೊಂಡ. ಅದಕ್ಕೆ ಫಾರ್ಮಿನಲ್ಲಿ ಜಾಗವಿರಲಿಲ್ಲ. ಹಿಟ್ಟಿನ ಕೈಯಲ್ಲೇ ಹೆಂಗಸರು ಹೇಳುತ್ತಿದ್ದರು. ಕೆಲವರು ಒಂದು ರೊಟ್ಟಿ ಕಟ್ಟಿಕೊಟ್ಟರು. ಹದಿನೇಳು ದಿನ ಹೀಗೆ ನಡೆಯಿತು. ಚಳಿಗೆ ಮೊಣಕಾಲು ಸೆಟೆದುಕೊಂಡು ಕೊನೆಗೆ ಒಂದು ಕೋಲು ಹಿಡಿದ. ನೂರಾ ಅರವತ್ತು ಮನೆಗಳಲ್ಲಿ ನೂರಾ ಮೂರು ಹೌದು ಅಂದವು. ಲಾಲಪ್ಪ ಫಾರ್ಮು ಕಳಿಸಿ, ಯಾದಗಿರಿಗೆ ಹೋಗಿ ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ.

ಒಂದು ವಾರಕ್ಕೆ ಮಹೇಶಕುಮಾರ ಶಹಾಪುರಕ್ಕೆ ಬರಹೇಳಿದ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತಿದ್ದ. ಮೂವತ್ತು ದಾಟಿರದ ಹುಡುಗ, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವನ ಮೇಲೆ ಹನ್ನೊಂದು ಕೇಂದ್ರಗಳ ಲೆಕ್ಕ ಇತ್ತು. ಚಹಾ ಬಂದ ಮೇಲೆ ವಿಷಯ ತೆಗೆದ. ಫಾರ್ಮು ನಿಜವೋ ಸುಳ್ಳೋ ನೋಡಲು ಹೌದು ಅಂದಿದ್ದ ಮನೆಗಳ ನಲವತ್ತು ನಂಬರಿಗೆ ಬೆಂಗಳೂರಿನಿಂದ ಫೋನು ಮಾಡಿದ್ದರು. ಫೋನು ಎತ್ತಿದ ಗಂಡಸರಲ್ಲಿ ಮೂವತ್ತನಾಲ್ಕು ಜನ, ನಮ್ಮ ಮನೆಯಲ್ಲಿ ರೇಡಿಯೊ ಕೇಳುವವರೇ ಇಲ್ಲ ಅಂದಿದ್ದರು. ಪ್ರಶ್ನೆಯ ಮಾತು ಬದಲಿಸಿ ಕೇಳಿದ್ದು ಬೇರೆ ಗೊತ್ತಾಗಿತ್ತು.

“ಅವ್ರು ಸುಳ್ಳು ಹೇಳ್ಯಾರ,” ಅಂದ ಲಾಲಪ್ಪ.

“ಮೂವತ್ನಾಕು ಮಂದಿ ಸುಳ್ಳು ಹೇಳ್ತಾರ, ನಮ್ಮ ಲಾಲಪ್ಪ ಒಬ್ಬಾವ ಖರೇ ಹೇಳ್ತಾನ ಅಂತ ನಾ ಹೆಂಗ ಬರೀಲ್ರಿ?” ಮಹೇಶಕುಮಾರನ ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಫಾರ್ಮು ಎಂದೂ ಹಿಂಗ ಬಂದಿದ್ದಿಲ್ಲ. ಅದಕ್ಕ ನಿಮ್ಮನ್ನ ಕರದೀನಿ. ಒಂದ ಕೆಲಸ ಮಾಡ್ರಿ. ಆ ಮೂವತ್ನಾಕರಾಗ ಹತ್ತು ಮಂದಿ ಕಡಿಂದ, ಹೌದು ನಮ್ಮ ಮನ್ಯಾಗ ಕೇಳ್ತಾರ ಅಂತ ಸಹಿ ತರ್ರಿ. ನಾಳಿ ಸಂಜಿತನಕ ಟೈಮ್ ಐತಿ. ತಂದ್ರ ನಿಮ್ಮ ಫಾರ್ಮು ನಿಂದ್ರಸ್ತೀನಿ.”

ಲಾಲಪ್ಪ ಮೊದಲು ಮಲ್ಕಪ್ಪನ ಮನೆಗೇ ಹೋದ. ಗೊಲ್ಲಾಳಮ್ಮ ಮುಚ್ಚುಮರೆ ಇಲ್ಲದೆ ಮಾತಾಡಿದವಳು, ಅಲ್ಲಿ ಸಹಿ ಸಿಗುವುದು ಕಷ್ಟವಿಲ್ಲ ಎಂದುಕೊಂಡಿದ್ದ. ಮಧ್ಯಾಹ್ನವಾಗಿತ್ತು. ಅಂದು ಅಮಾವಾಸ್ಯೆ, ಹೊಲದ ಕೆಲಸವಿಲ್ಲದೆ ಇಬ್ಬರೂ ಮನೆಯಲ್ಲಿದ್ದರು. ಮಲ್ಕಪ್ಪ ಕೂರಲು ಗೋಣಿಚೀಲ ಹಾಸಿದ, ನೀರು ಕೊಡಲು ಹೇಳಿದ. ಲಾಲಪ್ಪ ಬಂದ ಕಾರಣ ಹೇಳಿ ಕಾಗದ ಮುಂದಿಟ್ಟ. ಮಲ್ಕಪ್ಪ ಅದನ್ನು ಮುಟ್ಟಲಿಲ್ಲ.

“ಸಹಿ ಹಾಕಂಗಿಲ್ರಿ,” ಅಂದ.

ನಿಮ್ಮ ಮನೆಯವರು ಕೇಳುವುದು ಸುಳ್ಳೇ ಎಂದು ಲಾಲಪ್ಪ ಕೇಳಿದ. ಮಲ್ಕಪ್ಪ ಹೆಂಡತಿಯ ಕಡೆ ನೋಡಿ, ಸುಳ್ಳಲ್ಲ, ದಿನಾ ಕೇಳುತ್ತಾಳೆ, ತನಗೂ ಗೊತ್ತು ಎಂದ. ಆಮೇಲೆ ಲಾಲಪ್ಪನ ಮುಖವನ್ನೇ ದಿಟ್ಟಿಸಿದ.

“ನಿಮಗ ನನ್ನ ಗುರ್ತು ಸಿಕ್ಕಿಲ್ಲ. ನನಗ ನಿಮ್ಮ ಗುರ್ತು ಮೊದಲನೇ ದಿನಾನ ಸಿಕ್ಕೈತಿ. ಮೂರು ವರ್ಷದ ಹಿಂದ ಇದ ಅಂಗಳಕ್ಕ ಬಂದಿದ್ರಿ. ಮನ್ಯಾಗ ಏನೇನು ಐತಿ ಅಂತ ಬರ್ಕೊಳ್ಳಾಕ. ಬಾಗಲದಾಗ ಒಂದು ಬೈಕ್ ನಿಂತಿತ್ತು. ನನ್ನ ಹೆಣ್ತಿ ತಮ್ಮಂದ್ರಿ, ಹಬ್ಬಕ್ಕ ಬಂದಾನ ಅಂದೆ. ನೀವು ನಕ್ಕು ಬೈಕ್ ಐತಿ ಅಂತ ಬರಕೊಂಡ್ರಿ. ಆರು ತಿಂಗಳಿಗಿ ನಮ್ಮ ರೇಷನ್ ಕಾರ್ಡು ಹೋತು. ಈ ಓಣ್ಯಾಗ ಹನ್ನೊಂದು ಕಾರ್ಡು ಹೋದವು.”

ಲಾಲಪ್ಪನಿಗೆ ಆ ಸರ್ವೆ ನೆನಪಿತ್ತು, ಈ ಮನೆ ನೆನಪಿರಲಿಲ್ಲ. ಅಂಥ ನೂರಾರು ಅಂಗಳಗಳಲ್ಲಿ ನಿಂತಿದ್ದ. ಆ ಕಾಗದ ಎಲ್ಲಿಗೆ ಹೋಯಿತು, ಅದನ್ನು ಯಾರು ಯಾವುದಕ್ಕೆ ಬಳಸಿದರು ಎಂದು ಅವನು ಕೇಳಿರಲಿಲ್ಲ, ಯಾರೂ ಅವನಿಗೆ ಹೇಳಿರಲೂ ಇಲ್ಲ. ಕಾರ್ಡು ಹೋದದ್ದು ಆ ಸರ್ವೆಯಿಂದಲೋ ಬೇರೆ ಯಾವುದರಿಂದಲೋ ಯಾರಿಗೆ ಗೊತ್ತು ಎಂದು ಬಾಯಿಗೆ ಬಂತು, ಆಡಲಿಲ್ಲ.

“ರೇಡ್ಯೊ ಕೇಳಿದ್ರ ಕಾರ್ಡು ಹೋಗಂಗಿಲ್ಲಪಾ,” ಅಂದ.

“ಬೈಕಿಗಿ ಹೋಗ್ತದಂತ ಆವತ್ತು ಹೇಳಿದ್ರೇನು?”

ಗೊಲ್ಲಾಳಮ್ಮ ಒಳಬಾಗಿಲಲ್ಲಿ ಕೂತಿದ್ದಳು. ಕಾರ್ಡು ಮತ್ತೆ ಮಾಡಿಸಲು ಎರಡು ವರ್ಷ ಓಡಾಡಿದ್ದನ್ನು ಅವಳು ಹೇಳಿದಳು. ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು ಎಂದು ಹಜರಾಬೀ ಅಕ್ಕ ರೇಡಿಯೊದಲ್ಲಿ ಹೇಳಿದ್ದನ್ನು ಕೇಳಿಯೇ ಕೊನೆಗೆ ಕೆಲಸವಾಯಿತಂತೆ. ಅದನ್ನು ಹೇಳುವಾಗಲೂ ಅವಳು ಗಂಡನಿಗೆ ಸಹಿ ಹಾಕು ಅನ್ನಲಿಲ್ಲ. ಬೆಂಗಳೂರಿನ ಫೋನು ಬಂದಾಗಿನಿಂದ ಓಣಿಯ ಗಂಡಸರಿಗೆ ಮತ್ತೆ ಅಂಜಿಕೆ ಹೊಕ್ಕಿದೆ, ನೀವು ಬೇರೆ ಮನೆಗೂ ಹೋಗಬೇಡಿ, ಸುಮ್ಮನೆ ಮುಖ ಕೆಡುತ್ತದೆ ಎಂದಳು.

ಲಾಲಪ್ಪ ಬೇರೆ ಮನೆಗೆ ಹೋಗಲಿಲ್ಲ. ಹೋಗುವಾಗ ಮಲ್ಕಪ್ಪನಿಗೆ ಏನಾದರೂ ಹೇಳಬೇಕೆನ್ನಿಸಿತು. “ನಂದು ತಪ್ಪಾಗ್ಯಾದ,” ಅಂದ. ಮಲ್ಕಪ್ಪ, ಇರಲಿ, ಈಗ ಕಾರ್ಡು ಬಂದಿದೆಯಲ್ಲ ಎಂದು ರಸ್ತೆಯ ತನಕ ಬಂದು ಟಂಟಂ ಹತ್ತಿಸಿದ.

ಮಹೇಶಕುಮಾರನಿಗೆ ಸಹಿ ಸಿಗಲಿಲ್ಲ ಎಂದು ತಿಳಿಸಿದ. ಯಾಕೆ ಸಿಗಲಿಲ್ಲ ಎಂಬುದನ್ನೂ ಹೇಳಿದ. ಮಹೇಶಕುಮಾರ ಕೇಳಿಸಿಕೊಂಡು, ಇದನ್ನು ಹಾಕಲು ರಿಪೋರ್ಟಿನಲ್ಲಿ ಜಾಗವಿಲ್ಲ ಅಂದ. ಫಾರ್ಮುಗಳು ಮೊದಲು ಇದ್ದಂತೆ ಇಲ್ಲಕ್ಕೆ ಮರಳಿದವು. ಲಾಲಪ್ಪ ಬೆಳಗಿನ ಜಾವ ಮಾತ್ರ ಹೋಗಿದ್ದ ಉಳಿದ ಮನೆಗಳಿಗೆ ಬೇರೆ ಯಾರನ್ನೋ ಹಗಲು ಹೊತ್ತಿನಲ್ಲಿ ಕಳಿಸಿದರು. ಒಟ್ಟು ಹನ್ನೊಂದು ಹೌದು.

ಕೆಲಸ ಕೈಬಿಟ್ಟ ಮೇಲೆ ನಿಯಮವೂ ಅವನನ್ನು ಬಿಟ್ಟಿತು. ಲಾಲಪ್ಪ ಒಂದು ದಿನ ರೇಡಿಯೊ ಕೇಂದ್ರಕ್ಕೆ ಹೋದ. ಒಕ್ಕೂಟದ ಗೋದಾಮಿನ ಮೇಲೆ ಎರಡು ಕೋಣೆ, ಹತ್ತಲು ಇಪ್ಪತ್ತೆರಡು ಮೆಟ್ಟಿಲು. ಒಳಗಿನ ಕೋಣೆಯಿಂದ ಹೊಲದಲ್ಲಿ ಕೇಳಿದ ಅದೇ ದನಿ ಬರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತು ಕಾಯ್ದ. ಹಜರಾಬೀ ಹೊರಬಂದಾಗ ಆ ದನಿ ಇವಳದೇ ಎಂದು ಅವನಿಗೆ ನಂಬಲಾಗಲಿಲ್ಲ. ಗಿಡ್ಡಗೆ, ತೆಳ್ಳಗೆ, ಚಷ್ಮಾ ಹಾಕಿದ ಹೆಂಗಸು, ಕೆಮ್ಮುತ್ತಿದ್ದಳು. ಕೇಂದ್ರ ಶುರುವಾದಾಗಿನಿಂದ, ಅಂದರೆ ಹದಿಮೂರು ವರ್ಷದಿಂದ, ಮಾತಾಡುವವಳೂ ಅವಳೇ, ಲೆಕ್ಕಪತ್ರ ನೋಡುವವಳೂ ಅವಳೇ.

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಇದಕ್ಕೂ ಮೊದಲು ಸರಕಾರಕ್ಕೆ ಕೇಳುಗರ ಪತ್ರ ಕಳಿಸಿದ್ದರಂತೆ, ಪತ್ರ ಲೆಕ್ಕಕ್ಕಿಲ್ಲ ಅಂದರು. ಕೇಳುಗರಿಂದ ಬಂದ ಫೋನುಗಳನ್ನು ಬರೆದಿಟ್ಟ ಪುಸ್ತಕ ಕಳಿಸಿದ್ದರು, ಅದನ್ನು ನೀವೇ ಬರೆದಿದ್ದೀರಿ ಅಂದರು. ಈಗ ಸರ್ವೆಯೂ ಆಯಿತು. ಅರ್ಜಿಯ ಕಾಗದ ಕಟ್ಟಿ ಕಟ್ಟಿ ಸಾಕಾಗಿದೆ ಎಂದು ಚಷ್ಮಾ ತೆಗೆದು ಕಣ್ಣೊರೆಸಿಕೊಂಡಳು.

ಲಾಲಪ್ಪ ಜೇಬಿನ ನೋಟುಬುಕ್ಕು ಕೊಟ್ಟ. ಹಜರಾಬೀ ಹಾಳೆ ತಿರುವುತ್ತ ಬೆರಳಿನಿಂದ ಎಣಿಸತೊಡಗಿದಳು. ಮಧ್ಯಾಹ್ನ ಹನ್ನೊಂದರಿಂದ ಎರಡು, ಹೊಲ. ಹನ್ನೊಂದರಿಂದ ಎರಡು, ಹೊಲ. ಕಣ ಮಾಡುವಲ್ಲಿ. ಮೆಣಸಿನಕಾಯಿ ತೊಟ್ಟು ಬಿಡಿಸುವಲ್ಲಿ. ಒಂದು ಹಾಳೆಯಲ್ಲಿ ಅವಳ ಬೆರಳು ನಿಂತಿತು.

“ಸಂಜೀದು ಯಾರೂ ಕೇಳಂಗಿಲ್ಲೇನ್ರಿ ಅಣ್ಣಾ?”

“ಮೂರು ಮನಿ, ಅಕ್ಕಾ.”

ಸಂಜೆ ಆರರಿಂದ ಎಂಟರವರೆಗೆ ಕೇಂದ್ರ ಹಳೆಯ ಹಾಡುಗಳನ್ನು ಹಾಕುತ್ತಿತ್ತು. ಬೀಸುವ ಹಾಡು, ತತ್ವಪದ, ಮೊಹರಮ್ಮಿನ ರಿವಾಯತು, ದಖನಿಯ ಮದುವೆ ಹಾಡು. ಹದಿಮೂರು ವರ್ಷ ತಿಂಥಣಿಯ ಹೊಳೆದಂಡೆಯ ತನಕ ಊರೂರು ತಿರುಗಿ ಹಜರಾಬೀ ತಾನೇ ಹಾಡಿಸಿ ತಂದವು. ಹಾಡಿದವರಲ್ಲಿ ಅರ್ಧ ಜನ ತೀರಿಕೊಂಡಿದ್ದರು. ಆ ಹೊತ್ತಿಗೆ ಹೆಂಗಸರು ಒಲೆಯ ಮುಂದೆ ಇರುತ್ತಾರೆ, ಮನೆಯಲ್ಲಿ ಟೀವಿ ಹಚ್ಚಿರುತ್ತದೆ ಎಂದು ಲಾಲಪ್ಪ ತಾನು ಕಂಡದ್ದನ್ನು ಮೆಲ್ಲಗೆ ಹೇಳಿದ.

“ನಮ್ಮ ಕೇಂದ್ರ ಅಂದ್ರ ಆ ಹಾಡೇ ಅಂತ ತಿಳದಿದ್ದೆ,” ಅಂದಳು ಹಜರಾಬೀ. ಆಮೇಲೆ ನೋಟುಬುಕ್ಕು ತಾನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು.

ಫೆಬ್ರವರಿಯಲ್ಲಿ ಪತ್ರ ಬಂತು. ಕೇಳುಗರ ಸಂಖ್ಯೆ ನಿಗದಿತ ಮಟ್ಟಕ್ಕಿಂತ ಕಡಿಮೆ ಇರುವುದರಿಂದ ಈ ಸುತ್ತಿನಲ್ಲಿ ಅನುದಾನವಿಲ್ಲ, ಎರಡು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು. ಕೇಂದ್ರ ಮುಚ್ಚಬೇಕೆಂದು ಒಕ್ಕೂಟದ ಸಭೆಯಲ್ಲಿ ಕೆಲವರು ಅಂದರು. ಹಜರಾಬೀ ನೋಟುಬುಕ್ಕು ತೆಗೆದು ಓದಿದಳು. ಕೊನೆಗೆ ಸಂಘಗಳೇ ಕೂಡಿ ಕರೆಂಟಿನ ಬಿಲ್ಲು ಕಟ್ಟುವುದು, ಹನ್ನೊಂದರಿಂದ ಎರಡರವರೆಗೆ, ದಿನಕ್ಕೆ ಮೂರು ತಾಸು ಮಾತ್ರ ನಡೆಸುವುದು ಎಂದಾಯಿತು. ಸಂಜೆಯದು ನಿಂತಿತು. ಯಂತ್ರ ನೋಡಿಕೊಳ್ಳುತ್ತಿದ್ದ ಸಂಗಮನಾಥ ಎರಡು ಮಕ್ಕಳ ತಂದೆ, ಇಷ್ಟಕ್ಕೆ ಮನೆ ನಡೆಯುವುದಿಲ್ಲವೆಂದು ನಾರಾಯಣಪುರದಲ್ಲಿ ಮೋಟರು ರಿಪೇರಿಯ ಅಂಗಡಿ ಸೇರಿದ. ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದ.

ಇದನ್ನೆಲ್ಲ ಹಜರಾಬೀ ಲಾಲಪ್ಪನಿಗೆ ಫೋನಿನಲ್ಲಿ ತಿಳಿಸಿದಳು. ಮಧ್ಯಾಹ್ನದ ಮಾತಿನ ನಡುವೆ ದಿನಕ್ಕೊಂದು ಹಳೆಯ ಹಾಡು ಹಾಕುತ್ತಿದ್ದೇನೆ, ಮೊದಲನೆಯ ದಿನವೇ ಹೊಲದಿಂದ ಯಾರೋ ಫೋನು ಮಾಡಿ ಈ ಅಳುವ ಹಾಡು ತೆಗೆದು ಸಿನಿಮಾದ್ದು ಹಾಕಿ ಅಂದರು ಎಂದಳು. ತೆಗೆದಿರಾ ಎಂದು ಲಾಲಪ್ಪ ಕೇಳಿದ. ಇಲ್ಲ, ಆದರೆ ಚಿಕ್ಕದನ್ನು ಆರಿಸಿ ಹಾಕುತ್ತಿದ್ದೇನೆ ಅಂದಳು.

ಮಾರ್ಚಿನಲ್ಲಿ ಮಹೇಶಕುಮಾರನ ಫೋನು ಬಂತು. ಗುರುಮಠಕಲ್ ಕಡೆ ಕುರಿ, ಮೇಕೆಗಳ ಸರ್ವೆ ಇದೆ, ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಬರುತ್ತೀರಾ ಎಂದ. ಲಾಲಪ್ಪ ಅದು ಯಾವುದಕ್ಕೆ ಎಂದು ಕೇಳಿದ. ಮಹೇಶಕುಮಾರನಿಗೆ ಪ್ರಶ್ನೆ ತಿಳಿಯಲಿಲ್ಲ. ಆ ಲೆಕ್ಕ ಯಾರಿಗೆ ಹೋಗುತ್ತದೆ, ಅವರು ಅದನ್ನು ತೆಗೆದುಕೊಂಡು ಏನು ಮಾಡುತ್ತಾರೆ ಎಂದು ಲಾಲಪ್ಪ ಬಿಡಿಸಿ ಕೇಳಿದ. ತನಗೂ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಅಂದ ಮಹೇಶಕುಮಾರ ಮತ್ತೆ ಫೋನು ಮಾಡಲಿಲ್ಲ. ಐದನೆಯ ದಿನ ಲಾಲಪ್ಪನೇ ಫೋನು ಮಾಡಿ ಬರುತ್ತೇನೆ ಅಂದ. ಮನೆ ನಡೆಯಬೇಕಿತ್ತು.

ಗುರುಮಠಕಲ್ಲಿನ ಆಚೆಯ ಒಂದು ಊರಿನಲ್ಲಿ ಮೊದಲನೆಯ ಮನೆಯ ಮುದುಕಿ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ, ಇದನ್ನು ಯಾತಕ್ಕೆ ಬರೆದುಕೊಳ್ಳುತ್ತೀ ಎಂದು ಕೇಳಿದಳು. ನಾನೂ ಕೇಳಿದ್ದೆ, ಅವರು ಹೇಳಲಿಲ್ಲ, ನನಗೆ ಗೊತ್ತಿಲ್ಲ ಎಂದ ಲಾಲಪ್ಪ. ಮುದುಕಿ, ಗೊತ್ತಿಲ್ಲದ್ದಕ್ಕೆ ತಾನು ಏನೂ ಹೇಳುವುದಿಲ್ಲ, ಬಿಸಿಲಿದೆ, ಮಜ್ಜಿಗೆ ಕುಡಿದು ಹೋಗು ಎಂದಳು. ಅವನು ಮಜ್ಜಿಗೆ ಕುಡಿದ. ಟ್ಯಾಬಿನಲ್ಲಿ ‘ಉತ್ತರಿಸಲು ಒಪ್ಪಲಿಲ್ಲ’ ಎಂಬ ಗುಂಡಿ ಒತ್ತಿ, ಲೋಟ ತೊಳೆದಿಟ್ಟು, ಮುಂದಿನ ಮನೆಯ ಕಡೆ ನಡೆದ.